ಪೈ ಯಾರ ಮೊಮ್ಮಗ?

'ನ್ಯಾಷನಲ್ ವೆಲ್ವೆಟ್' ಚಿತ್ರದ ಬಗ್ಗೆ ಬರೆಯುವವರು ನಾಲ್ಕು ಸಂಗತಿಗಳನ್ನು ಹೇಳದೆ ಬಿಡುವುದು ಕಡಿಮೆ. ಬಾಲಕಿ ಎಲಿಜಬೆತ್ ಟೇಲರ್ ಈ ಪಾತ್ರಕ್ಕಾಗಿ ಮೂರೇ ತಿಂಗಳಲ್ಲಿ ಮೂರು ಇಂಚು ಎತ್ತರವಾದಳು. ಕುದುರೆಯಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡಳು, ಆ ನೋವು ಕೊನೆಯವರೆಗೂ ಅವಳನ್ನು ಬಿಡಲಿಲ್ಲ. ತೆರೆಯ ಮೇಲೆ ಕಾಣುವ ಸವಾರಿಯೆಲ್ಲ ಅವಳದೇ. ಅವಳು ಏರಿದ ಕುದುರೆ ಕಿಂಗ್ ಚಾರ್ಲ್ಸ್, ಅಮೆರಿಕದ ರೇಸಿನ ಮಹಾ ಹೆಸರಾದ ಮ್ಯಾನ್ ಓ' ವಾರ್‌ನ ಮೊಮ್ಮಗ. ನಾಲ್ಕೂ ಚೆಂದದ ಸಂಗತಿಗಳು. ಒಂದೊಂದೂ ಒಂದೇ ವಾಕ್ಯದಲ್ಲಿ ಮುಗಿಯುತ್ತದೆ, ಒಂದೊಂದರಲ್ಲೂ ಒಂದು ಪುಟ್ಟ ಬೆರಗಿದೆ. ನನ್ನ ಅನುಮಾನ ಹುಟ್ಟಿದ್ದೇ ಆ ಅಚ್ಚುಕಟ್ಟುತನದಿಂದ. ನಿಜ ಸಂಗತಿಗಳು ಸಾಮಾನ್ಯವಾಗಿ ಇಷ್ಟು ಒಪ್ಪವಾಗಿ ಕೈಗೆ ಸಿಗುವುದಿಲ್ಲ.

ಚಿತ್ರವನ್ನು ನೋಡದವರಿಗಾಗಿ ಒಂದೆರಡು ಮಾತು. ಇನಿಡ್ ಬ್ಯಾಗ್ನೋಲ್ಡ್ ಎಂಬ ಇಂಗ್ಲಿಷ್ ಲೇಖಕಿ 1935ರಲ್ಲಿ ಪ್ರಕಟಿಸಿದ ಕಾದಂಬರಿ ಇದರ ಮೂಲ. ಎಂಜಿಎಂ ಸ್ಟುಡಿಯೋ ಅದನ್ನು ಚಿತ್ರ ಮಾಡಿತು. ನಿರ್ದೇಶಕ ಕ್ಲಾರೆನ್ಸ್ ಬ್ರೌನ್, ನಿರ್ಮಾಪಕ ಪ್ಯಾಂಡ್ರೋ ಬರ್ಮನ್. ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಮಾಂಸದಂಗಡಿಯವನ ಮಗಳು ವೆಲ್ವೆಟ್ ಬ್ರೌನ್. ಯಾರಿಗೂ ಬೇಡವಾದ 'ಪೈ' ಎಂಬ ಪುಂಡ ಕುದುರೆಯೊಂದು ಅವಳಿಗೆ ಲಾಟರಿಯಲ್ಲಿ ಸಿಗುತ್ತದೆ. ಲಿವರ್‌ಪೂಲ್ ಬಳಿಯ ಏನ್‌ಟ್ರಿಯಲ್ಲಿ ನಡೆಯುವ ಗ್ರ್ಯಾಂಡ್ ನ್ಯಾಷನಲ್ ರೇಸಿನಲ್ಲಿ ಅದನ್ನು ಓಡಿಸಬೇಕೆಂದು ಅವಳಿಗೆ ಹಟ. ನಾಲ್ಕು ಮೈಲಿ ದಾಟುವ ದೂರ, ಹಾರಬೇಕಾದ ಬೇಲಿಗಳು ಮೂವತ್ತು. ಹೆಣ್ಣುಮಕ್ಕಳಿಗೆ ಆಗ ಅಲ್ಲಿ ಸವಾರಿಯಿರಲಿಲ್ಲ. ವೆಲ್ವೆಟ್ ಕೂದಲು ಕತ್ತರಿಸಿಕೊಂಡು ಗಂಡು ಜಾಕಿಯ ವೇಷದಲ್ಲಿ ಓಡುತ್ತಾಳೆ, ಗೆಲ್ಲುತ್ತಾಳೆ, ಅನರ್ಹಳಾಗುತ್ತಾಳೆ. ನಿಜ ಜೀವನದಲ್ಲಿ ಆ ರೇಸಿನಲ್ಲಿ ಮೊದಲ ಮಹಿಳೆ ಶಾರ್ಲೆಟ್ ಬ್ರೂ ಓಡಿದ್ದು 1977ರಲ್ಲಿ. ಮೊದಲ ಬಾರಿಗೆ ಮಹಿಳೆಯೊಬ್ಬರು, ರೇಚಲ್ ಬ್ಲ್ಯಾಕ್‌ಮೋರ್, ಗೆದ್ದದ್ದು 2021ರಲ್ಲಿ.

ಹುಡುಕಾಟವನ್ನು ಸುಲಭದ ತೊಡಕಿನಿಂದ ಶುರುಮಾಡಿದೆ. ಚಿತ್ರದ ವರ್ಷ ಯಾವುದು? ಪುಸ್ತಕಗಳಲ್ಲಿ ಕೆಲವೆಡೆ 1944, ಕೆಲವೆಡೆ 1945. ಆಸ್ಕರ್ ಪಟ್ಟಿ ತೆರೆದರೆ ಗೊಂದಲ ಇನ್ನೂ ಹೆಚ್ಚು. ತಾಯಿಯ ಪಾತ್ರ ಮಾಡಿದ ಆನ್ ರಿವಿಯರ್ ಅವರಿಗೂ ಸಂಕಲನಕಾರ ರಾಬರ್ಟ್ ಕರ್ನ್ ಅವರಿಗೂ ಪ್ರಶಸ್ತಿ ಕೊಟ್ಟದ್ದು 1946ರ ಮಾರ್ಚ್‌ನಲ್ಲಿ. 1944ರ ಚಿತ್ರಕ್ಕೆ 1946ರಲ್ಲಿ ಪ್ರಶಸ್ತಿ ಹೇಗೆ? ಉತ್ತರವಿರುವುದು ಅಕಾಡೆಮಿಯ ನಿಯಮದಲ್ಲಿ. ಅದು ಲೆಕ್ಕಕ್ಕೆ ಹಿಡಿಯುತ್ತಿದ್ದದ್ದು ಲಾಸ್ ಏಂಜಲೀಸ್ ಬಿಡುಗಡೆಯನ್ನು. ನ್ಯೂಯಾರ್ಕಿನ ರೇಡಿಯೋ ಸಿಟಿ ಮ್ಯೂಸಿಕ್ ಹಾಲ್‌ನಲ್ಲಿ ಚಿತ್ರ ತೆರೆಕಂಡದ್ದು 1944ರ ಡಿಸೆಂಬರ್‌ನಲ್ಲಿ, ಲಾಸ್ ಏಂಜಲೀಸ್‌ಗೆ ಬಂದದ್ದು 1945ರಲ್ಲಿ. ಎರಡು ವರ್ಷವೂ ಸರಿ, ಅಳೆಯುವ ಕೋಲು ಮಾತ್ರ ಬೇರೆ ಬೇರೆ. ಎಲ್ಲ ವಿರೋಧಗಳೂ ಹೀಗೆ ಬಿಡಿಸಿಕೊಳ್ಳುವುದಿಲ್ಲ. ಆದರೂ ಇದರಿಂದ ಒಂದು ಅಭ್ಯಾಸವಾಯಿತು. ಎರಡು ಹೇಳಿಕೆಗಳು ಜಗಳವಾಡುತ್ತಿದ್ದರೆ ಯಾರು ಸುಳ್ಳು ಎಂದು ಕೇಳುವ ಮೊದಲು, ಯಾರು ಯಾವುದನ್ನು ಎಣಿಸುತ್ತಿದ್ದಾರೆ ಎಂದು ಕೇಳಬೇಕು.

ಬೆಂಗಳೂರಿನಲ್ಲಿ ಕೂತು ಹಾಲಿವುಡ್ಡಿನ ಹಳೆಯ ಕಾಗದಗಳನ್ನು ಜಾಲಾಡುವುದು ಇಪ್ಪತ್ತು ವರ್ಷದ ಹಿಂದೆ ಆಗದ ಮಾತಾಗಿತ್ತು. ಈಗ 'ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿ' ಇದೆ. 'ಫೋಟೋಪ್ಲೇ', 'ಮೋಷನ್ ಪಿಕ್ಚರ್ ಹೆರಾಲ್ಡ್', 'ವೆರೈಟಿ' ಮೊದಲಾದ ಪತ್ರಿಕೆಗಳ ಹಳೆಯ ಸಂಚಿಕೆಗಳ ಪುಟಗಳು ಅಲ್ಲಿ ಮುಕ್ತವಾಗಿ ಓದಲು ಸಿಗುತ್ತವೆ. ಲ್ಯಾಂಟರ್ನ್ ಎಂಬ ಶೋಧಕ ಅದಕ್ಕೆಂದೇ ಇದೆ. ಆದರೆ ಯಂತ್ರಕ್ಕೆ ಅಕ್ಷರ ಗೊತ್ತು, ಅರ್ಥ ಗೊತ್ತಿಲ್ಲ. 'ಕಿಂಗ್ ಚಾರ್ಲ್ಸ್' ಎಂದು ಕೊಟ್ಟರೆ ತಲೆ ಕಡಿಸಿಕೊಂಡ ಇಂಗ್ಲೆಂಡಿನ ದೊರೆ ಬರುತ್ತಾನೆ, ಅವನ ಮಗ ಬರುತ್ತಾನೆ, ಅವರ ಹೆಸರು ಹೊತ್ತ ಸ್ಪ್ಯಾನಿಯಲ್ ನಾಯಿಗಳು ಬರುತ್ತವೆ. 'ಪೈ' ಎಂದರೆ ಸೇಬಿನ ತಿನಿಸು. 'ವೆಲ್ವೆಟ್' ಎಂದರೆ ಸಂಜೆ ಉಡುಪಿನ ಜಾಹೀರಾತು. ಕುದುರೆ ಬೇಕೆಂದು ಕೇಳಿದವನಿಗೆ ಅರಮನೆ, ಅಡುಗೆಮನೆ, ಜವಳಿ ಅಂಗಡಿ ಎಲ್ಲವೂ ಸಿಕ್ಕವು.

ಸಿಕ್ಕ ಪುಟಗಳನ್ನು ಹೇಗೆ ತೂಗಬೇಕು? ಇಲ್ಲಿ ನನಗೆ ದಾರಿ ತೋರಿಸಿದ್ದು ಕನ್ನಡದ ಹಸ್ತಪ್ರತಿ ಶಾಸ್ತ್ರ. ಡಿ.ಎಲ್. ನರಸಿಂಹಾಚಾರ್ ಅವರ 'ಕನ್ನಡ ಗ್ರಂಥಸಂಪಾದನೆ'ಯ ಪರಿಚಯವಿದ್ದವರಿಗೆ ಈ ವಿವೇಕ ಹೊಸದಲ್ಲ. ಹತ್ತು ಓಲೆಪ್ರತಿಗಳಲ್ಲಿ ಒಂದೇ ಪಾಠವಿದ್ದ ಮಾತ್ರಕ್ಕೆ ಹತ್ತು ಸಾಕ್ಷಿಗಳಾಗುವುದಿಲ್ಲ. ಹತ್ತೂ ಒಂದೇ ಮಾತೃಪ್ರತಿಯಿಂದ ಇಳಿದಿದ್ದರೆ ಸಾಕ್ಷಿ ಒಂದೇ. ಆ ಕಾಲದ ಸಿನಿಮಾ ಪತ್ರಿಕೆಗಳಿಗೆ ಮಾತೃಪ್ರತಿ ಯಾವುದೆಂದರೆ ಸ್ಟುಡಿಯೋದ ಪ್ರಚಾರ ವಿಭಾಗ. ಅಲ್ಲಿಂದ ಹೊರಟ ಪ್ರಕಟಣೆ ನೂರಾರು ಊರುಗಳ ಪತ್ರಿಕೆಗಳಲ್ಲಿ ಅಚ್ಚಾಗುತ್ತಿತ್ತು. ಮುಂದೆ ಜೀವನಚರಿತ್ರೆ ಬರೆದವರು ಆ ಪತ್ರಿಕೆಗಳನ್ನು ಉಲ್ಲೇಖಿಸಿದರು, ಪತ್ರಿಕೆಗಳು ಆ ಜೀವನಚರಿತ್ರೆಗಳನ್ನು ಉಲ್ಲೇಖಿಸಿದವು. ಹೀಗೆ ಸುತ್ತು ಪೂರ್ಣವಾಗುತ್ತದೆ.

ಪ್ರಚಾರದ ಹೊರಗಿನ ಕಾಗದಗಳು ಇಲ್ಲವೇ? ಇವೆ, ಚದುರಿಹೋಗಿವೆ. ಚಿತ್ರಗಳ ಸೆನ್ಸಾರ್ ಪತ್ರವ್ಯವಹಾರ ಅಕಾಡೆಮಿಯ ಮಾರ್ಗರೆಟ್ ಹೆರಿಕ್ ಗ್ರಂಥಾಲಯದಲ್ಲಿದೆ. ಕ್ಲಾರೆನ್ಸ್ ಬ್ರೌನ್ ಅವರ ಸಂಗ್ರಹ ಅವರು ಎಂಜಿನಿಯರಿಂಗ್ ಓದಿದ ಟೆನೆಸೀ ವಿಶ್ವವಿದ್ಯಾಲಯದಲ್ಲಿದೆ. ಸ್ಟುಡಿಯೋದ ಸ್ವಂತ ಉಗ್ರಾಣಕ್ಕೆ ಮಾತ್ರ ಕೆಟ್ಟ ಕಾಲ ಬಂತು. 1969ರಲ್ಲಿ ಎಂಜಿಎಂನ ಒಡೆತನ ಬದಲಾಯಿತು, ಮರುವರ್ಷ ಅದರ ಉಡುಪು, ಪೀಠೋಪಕರಣ, ಪರಿಕರಗಳನ್ನೆಲ್ಲ ಹರಾಜು ಹಾಕಿದರು. ಸಂಗೀತದ ಕೈಬರಹದ ಪ್ರತಿಗಳ ರಾಶಿ ಕಸದ ಗುಂಡಿ ಸೇರಿತು. ವಾದ್ಯವೃಂದದ ಸ್ವರಲಿಪಿಗೇ ಈ ಗತಿಯೆಂದರೆ, ಲಾಯದ ಮೇವಿನ ಚೀಟಿಯನ್ನು ಯಾರು ಜೋಪಾನ ಮಾಡುತ್ತಾರೆ?

ಮೊದಲು ಕುದುರೆ. ಕಿಂಗ್ ಚಾರ್ಲ್ಸ್ ಮ್ಯಾನ್ ಓ' ವಾರ್‌ನ ಮೊಮ್ಮಗ ಎನ್ನುವ ಕೆಲವು ಬರಹಗಳು, ಒತ್ತು ಕೊಡಲೆಂಬಂತೆ, ಅಮೆರಿಕದ ಇನ್ನೊಂದು ಖ್ಯಾತ ರೇಸು ಕುದುರೆ ಸೀಬಿಸ್ಕಿಟ್‌ನ ದಾಯಾದಿಯೂ ಹೌದು ಎನ್ನುತ್ತವೆ. ಎರಡು ಸಾಕ್ಷಿ ಸಿಕ್ಕಂತೆ ಕಾಣುತ್ತದೆ. ಆದರೆ ಸೀಬಿಸ್ಕಿಟ್‌ನ ತಂದೆ ಹಾರ್ಡ್ ಟ್ಯಾಕ್, ಹಾರ್ಡ್ ಟ್ಯಾಕ್‌ನ ತಂದೆ ಮ್ಯಾನ್ ಓ' ವಾರ್. ಮೊಮ್ಮಗ ಎಂದ ಮೇಲೆ ದಾಯಾದಿ ಎನ್ನುವುದು ಅದೇ ಮಾತಿನ ಪುನರುಕ್ತಿ. ಇನ್ನೊಂದು ಸೂಕ್ಷ್ಮವೂ ಇದೆ. ತಳಿ ಸಾಕುವವರು ಒಡಹುಟ್ಟಿನ ನಂಟನ್ನು ಎಣಿಸುವುದು ತಾಯಿಯ ಕಡೆಯಿಂದ. ಒಂದು ಗಂಡು ಕುದುರೆಗೆ ನೂರಾರು ಮರಿಗಳಿರುತ್ತವೆ. ತಂದೆ ಒಬ್ಬನೇ ಎಂಬ ಕಾರಣಕ್ಕೆ ಅವನ್ನು ಅಣ್ಣತಮ್ಮಂದಿರು ಎನ್ನುವ ರೂಢಿ ಅವರಲ್ಲಿಲ್ಲ. ತಾತನ ಕಡೆಯಿಂದ ಹಿಡಿದು 'ಸೀಬಿಸ್ಕಿಟ್‌ನ ದಾಯಾದಿ' ಎನ್ನುವುದು ಲಾಯದವರ ಮಾತಿನಂತೆ ಕೇಳುವುದಿಲ್ಲ, ಟೈಪ್‌ರೈಟರ್ ಮುಂದೆ ಕೂತವರ ಮಾತಿನಂತೆ ಕೇಳುತ್ತದೆ.

ಹಾಗಾದರೆ ಸುಳ್ಳೇ? ಅಷ್ಟು ಬೇಗ ಬೇಡ. 1917ರಲ್ಲಿ ಹುಟ್ಟಿದ ಮ್ಯಾನ್ ಓ' ವಾರ್ ಇಪ್ಪತ್ತೊಂದು ಬಾರಿ ಓಡಿ ಒಮ್ಮೆ ಮಾತ್ರ ಸೋತ. ನಿವೃತ್ತನಾದ ಮೇಲೆ ಕೆಂಟಕಿಯ ತಳಿಕೇಂದ್ರದಲ್ಲಿದ್ದ. ಒಡೆಯ ಸ್ಯಾಮ್ಯುಯೆಲ್ ರಿಡ್ಲ್ ಅವನ ಬಳಿಗೆ ಬರುವ ಹೆಣ್ಣು ಕುದುರೆಗಳ ಸಂಖ್ಯೆಗೆ ಮಿತಿ ಹಾಕಿದ್ದರಿಂದ ಅವನಿಗೆ ಹುಟ್ಟಿದ ಮರಿಗಳು ನಾನೂರನ್ನೂ ಮುಟ್ಟಲಿಲ್ಲ. 'ಮಗ' ಎಂದು ಹೇಳಿದ್ದರೆ ಪರೀಕ್ಷೆ ಸುಲಭ, ಪಟ್ಟಿ ಸೀಮಿತ. ಮೊಮ್ಮಕ್ಕಳ ಲೆಕ್ಕ ಬೇರೆ. ಆ ಮರಿಗಳೇ ತಳಿಗೆ ನಿಂತು ವರ್ಷವರ್ಷವೂ ಸಂತತಿ ಬೆಳೆಸಿದರೆ ಸಂಖ್ಯೆ ಸಾವಿರಗಳಿಗೆ ಏರುತ್ತದೆ. 1944ರ ಕ್ಯಾಲಿಫೋರ್ನಿಯಾದಲ್ಲಿ ಮ್ಯಾನ್ ಓ' ವಾರ್ ರಕ್ತದ ಥರೋಬ್ರೆಡ್ (ಶುದ್ಧ ರೇಸು ತಳಿಯ ಕುದುರೆ) ಅಪರೂಪದ ವಸ್ತುವೇನಲ್ಲ. ಅಂದರೆ ಹೇಳಿಕೆ ನಿಜವಾಗಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ನಿಜವಾದರೆ ಅದು ನಾವು ಭಾವಿಸಿದಷ್ಟು ದೊಡ್ಡ ಸಂಗತಿಯಲ್ಲ, ಅಷ್ಟೆ.

ಬಣ್ಣದಿಂದ ಏನಾದರೂ ತಿಳಿದೀತೇ ಎಂದು ನೋಡಿದೆ. ಮ್ಯಾನ್ ಓ' ವಾರ್ ಕೆಂಗಂದು, ರೇಸಿನವರು ಚೆಸ್ಟ್‌ನಟ್ ಎನ್ನುವ ಬಣ್ಣ. ಚಿತ್ರದ ಕುದುರೆಯೂ ಅದೇ. ಆದರೆ ಚೆಸ್ಟ್‌ನಟ್ ಕುದುರೆಗಳು ಊರ ತುಂಬ ಇವೆ, ಮ್ಯಾನ್ ಓ' ವಾರ್‌ನ ಖ್ಯಾತ ಮಗ ವಾರ್ ಅಡ್ಮಿರಲ್‌ಗೇ ಆ ಬಣ್ಣವಿರಲಿಲ್ಲ. ಈ ದಾರಿ ಅಲ್ಲಿಗೆ ಮುಚ್ಚಿತು ಅಂದುಕೊಂಡು ಕಾದಂಬರಿಗೆ ಮರಳಿದಾಗ ಮತ್ತೊಂದು ಬಾಗಿಲು ಕಂಡಿತು. ಬ್ಯಾಗ್ನೋಲ್ಡ್ ಅವರ ಕುದುರೆ ಚೆಸ್ಟ್‌ನಟ್ ಅಲ್ಲವೇ ಅಲ್ಲ. ಅದು ಕಪ್ಪುಬಿಳಿ ಮಚ್ಚೆಯ ಪೈಬಾಲ್ಡ್, ಅದರಿಂದಲೇ 'ಪೈ' ಎಂಬ ಹೆಸರು. ಗಾಡಿಗೆ ಕಟ್ಟುವ ಬಣ್ಣದ ಕುದುರೆ ಕುಲೀನ ಥರೋಬ್ರೆಡ್‌ಗಳ ನಡುವೆ ಗೆಲ್ಲುವುದೇ ಕಾದಂಬರಿಯ ಅದ್ಭುತ. ಚಿತ್ರದವರು ಬಣ್ಣ ಬದಲಿಸಿದರು, ಹೆಸರನ್ನು ಉಳಿಸಿಕೊಂಡರು. ತೆರೆಯ ಮೇಲೆ ಕುದುರೆಯ ಹೆಸರು ಪೈರೇಟ್, ವೆಲ್ವೆಟ್ ಅದನ್ನು ಪೈ ಎಂದು ಕರೆಯುತ್ತಾಳೆ. ಈ ಬದಲಾವಣೆಯ ಪರಿಣಾಮ ನೋಡಿ. ಮಚ್ಚೆಯ ಕುದುರೆಯನ್ನು ಮ್ಯಾನ್ ಓ' ವಾರ್‌ನ ಮೊಮ್ಮಗ ಎಂದು ಯಾರೂ ನಂಬುತ್ತಿರಲಿಲ್ಲ. ಬಣ್ಣ ಬದಲಾದ ಮೇಲೆಯೇ ಆ ವಂಶಾವಳಿಗೆ ಜಾಗವಾದದ್ದು. ಕಾದಂಬರಿ ಕುಲವನ್ನು ಗೇಲಿ ಮಾಡಿತ್ತು, ಚಿತ್ರದ ಪ್ರಚಾರ ಅದೇ ಕುದುರೆಗೆ ಕುಲ ಹುಡುಕಿಕೊಟ್ಟಿತು.

ಆದರೆ ಮ್ಯಾನ್ ಓ' ವಾರ್ ಹೆಸರೇ ಏಕೆ? ಅವನು ಸಮತಟ್ಟು ನೆಲದ ಓಟಗಾರ, ಬೇಲಿ ಹಾರಿದವನಲ್ಲ. ಗ್ರ್ಯಾಂಡ್ ನ್ಯಾಷನಲ್‌ಗೂ ಅವನಿಗೂ ಏನು ಸಂಬಂಧ? ಪ್ರಶ್ನೆಯನ್ನು ಹೀಗೆ ತಿರುಗಿಸಿ, ಸಿನಿಮಾ ಪತ್ರಿಕೆಗಳನ್ನು ಬದಿಗಿಟ್ಟು, ಆ ರೇಸಿನ ಗೆದ್ದವರ ಪಟ್ಟಿ ಹಿಡಿದು ಕೂತೆ. 1938ರ ಸಾಲಿನಲ್ಲಿ ಕಣ್ಣು ನಿಂತಿತು. ಆ ವರ್ಷದ ಮಾರ್ಚ್ 25ರಂದು ಏನ್‌ಟ್ರಿಯಲ್ಲಿ ಗೆದ್ದ ಕುದುರೆ ಬ್ಯಾಟಲ್‌ಶಿಪ್. ತಂದೆ: ಮ್ಯಾನ್ ಓ' ವಾರ್.

ಬ್ಯಾಟಲ್‌ಶಿಪ್‌ನ ಕತೆಗೆ ಬಣ್ಣ ಬಳಿಯುವ ಅಗತ್ಯವೇ ಇಲ್ಲ. ಎತ್ತರ ಹದಿನೈದೂವರೆ ಹ್ಯಾಂಡ್‌ನ ಆಸುಪಾಸು, ಅಂತಹ ಬೇಲಿಗಳಿಗೆ ಗಿಡ್ಡ ಎನ್ನಬೇಕಾದ ಕುದುರೆ. ಬಾಜಿ ಒಂದಕ್ಕೆ ನಲವತ್ತು. ಕಣದಲ್ಲಿದ್ದವು ಮೂವತ್ತಾರು. ಸವಾರ ಬ್ರೂಸ್ ಹಾಬ್ಸ್‌ನ ವಯಸ್ಸು ಹದಿನೇಳು, ತರಬೇತಿ ಕೊಟ್ಟವರು ಅವನ ತಂದೆ. ಸವಾರ ಕೊಕ್ಕರೆಯಂತೆ ಉದ್ದ, ಕುದುರೆ ಗಿಡ್ಡ. ಬೇಲಿಯಾಚೆಯ ಇಳಿಜಾರಿಗೆ ಇಳಿಯುವಾಗ ಕುದುರೆ ಕತ್ತು ಚಾಚಲು ಬಿಡುವಿರಲೆಂದು ಲಗಾಮನ್ನೇ ಉದ್ದ ಮಾಡಿಸಿದ್ದರು. ರಾಯಲ್ ಡಾನಿಯೇಲಿ ಎಂಬ ಕುದುರೆಯನ್ನು ಅದು ಸೋಲಿಸಿದ್ದು ಒಂದು ತಲೆಯ ಅಂತರದಲ್ಲಿ. ಅಮೆರಿಕದಲ್ಲಿ ಹುಟ್ಟಿ ಅಮೆರಿಕದವರದೇ ಒಡೆತನದಲ್ಲಿದ್ದ ಕುದುರೆ ಗ್ರ್ಯಾಂಡ್ ನ್ಯಾಷನಲ್ ಗೆದ್ದದ್ದು ಅದೇ ಮೊದಲು. ಒಡತಿ ಮೇರಿಯನ್ ಡುಪಾಂಟ್ ಸ್ಕಾಟ್. ಆಗ ಅವರ ಪತಿ ಹಾಲಿವುಡ್ಡಿನ ನಾಯಕನಟ ರ್‍ಯಾಂಡಾಲ್ಫ್ ಸ್ಕಾಟ್.

ಕಾದಂಬರಿ ಬಂದದ್ದು 1935ರಲ್ಲಿ, ಆದ್ದರಿಂದ ಬ್ಯಾಗ್ನೋಲ್ಡ್ ಅವರಿಗೆ ಬ್ಯಾಟಲ್‌ಶಿಪ್ ಪ್ರೇರಣೆಯಾಗಲು ಸಾಧ್ಯವಿಲ್ಲ. ಚಿತ್ರ ಬಂದದ್ದು ಆ ಗೆಲುವಿನ ಆರು ವರ್ಷದ ಬಳಿಕ. ಏನ್‌ಟ್ರಿಯಲ್ಲಿ ಗೆದ್ದ ಅಮೆರಿಕದ ಪುಟ್ಟ ಕುದುರೆ, ಅದರ ಮೇಲೆ ಹದಿಹರೆಯದ ಸವಾರ, ಒಡತಿ ಸಿನಿಮಾ ನಟನ ಹೆಂಡತಿ: ಇದು ಸ್ಟುಡಿಯೋದ ಯಾರಿಗೂ ತಿಳಿಯದ ಸುದ್ದಿಯಾಗಿರಲಾರದು. ಇಷ್ಟಾದರೂ ನನ್ನ ಬಳಿ ಇರುವುದು ಸಂದರ್ಭದ ಸಾಕ್ಷಿ. ಮ್ಯಾನ್ ಓ' ವಾರ್ ರಕ್ತದ ಕುದುರೆ ಬೇಕೆಂದೇ ಹುಡುಕಿ ತಂದಿರಬಹುದು, ಇಲ್ಲವೇ ತಂದ ಕುದುರೆಯ ವಂಶಾವಳಿಯಲ್ಲಿದ್ದ ಹಲವು ಹೆಸರುಗಳಲ್ಲಿ ಈ ಒಂದನ್ನೇ ಆರಿಸಿ ಎತ್ತಿ ಹಿಡಿದಿರಬಹುದು. ಎರಡರಲ್ಲಿ ಯಾವುದು ನಿಜವಾದರೂ ಒಂದು ಮಾತು ನಿಲ್ಲುತ್ತದೆ. ಗ್ರ್ಯಾಂಡ್ ನ್ಯಾಷನಲ್ ಗೆಲ್ಲುವ ಕುದುರೆಗೆ ಮ್ಯಾನ್ ಓ' ವಾರ್ ತಾತನಾಗುವುದು 1944ರ ಅಮೆರಿಕದ ಓದುಗರಿಗೆ ಸಹಜವಾಗಿಯೇ ತೋರಿರಬೇಕು. ಹಾಗೆ ತೋರಿಸಿದ್ದು ಬ್ಯಾಟಲ್‌ಶಿಪ್.

ದಾಖಲೆಯ ಸ್ವಭಾವವನ್ನು ಹೇಳುವ ಇನ್ನೊಂದು ಸಂಗತಿ. ಬ್ರಿಟನ್ನಿನಲ್ಲಿ 1913ರಿಂದ ಜರ್ಸಿ ಕಾಯ್ದೆ ಎಂಬ ನಿಯಮವಿತ್ತು. ತಮ್ಮ ತಳಿಪುಸ್ತಕದಲ್ಲಿ ಮೊದಲೇ ನಮೂದಾದ ಕುದುರೆಗಳಿಗೆ ಎಲ್ಲ ಕವಲುಗಳಲ್ಲೂ ಮೂಲ ತೋರಿಸಲಾಗದ ಕುದುರೆಯನ್ನು ಬ್ರಿಟನ್ನಿನವರು ಆ ಪುಸ್ತಕಕ್ಕೆ ಸೇರಿಸುತ್ತಿರಲಿಲ್ಲ. ಅಮೆರಿಕದ ಬಹುಪಾಲು ವಂಶಗಳು ಹೀಗೆ ಹೊರಗುಳಿದವು, ಮ್ಯಾನ್ ಓ' ವಾರ್‌ನ ವಂಶವೂ ಸೇರಿ. ನಿಯಮ ಸಡಿಲವಾದದ್ದು 1949ರಲ್ಲಿ. ಅಂದರೆ ಹಾಲಿವುಡ್ ಹೆಮ್ಮೆಯಿಂದ ಹೇಳಿಕೊಂಡ ಆ ಕುಲೀನತೆ, ಕತೆ ನಡೆಯುವ ಇಂಗ್ಲೆಂಡಿನ ಪುಸ್ತಕದಲ್ಲಿ ಕುಲೀನತೆಯೇ ಅಲ್ಲ. ಒಂದೇ ಕುದುರೆ ಒಂದು ದಾಖಲೆಯಲ್ಲಿ ಶುದ್ಧ ತಳಿ, ಇನ್ನೊಂದರಲ್ಲಿ ಅರೆತಳಿ.

ಈಗ ಮೂರು ಇಂಚಿನ ಮಾತು. ಜನಪ್ರಿಯ ಪಾಠ ಹೀಗಿದೆ: ಪಾತ್ರಕ್ಕೆ ಗಿಡ್ಡವಾದೆ ಎಂದು ಬರ್ಮನ್ ಹೇಳಿದರು, ಗೋಡೆಯ ಮೇಲೆ ಎತ್ತರದ ಗುರುತು ಹಾಕಿದರು. ಹುಡುಗಿ ಮೊಟ್ಟೆ, ಹ್ಯಾಂಬರ್ಗರ್, ಸ್ಟೀಕ್ ತಿಂದು ಮೂರು ತಿಂಗಳಲ್ಲಿ ಮೂರು ಇಂಚು ಬೆಳೆದು ಬಂದು ನಿಂತಳು. ಇದರ ಪಕ್ಕದಲ್ಲೇ ಒಂದು ಸಪ್ಪೆ ಪಾಠಾಂತರವಿದೆ. ಅದರ ಪ್ರಕಾರ ಹುಡುಗಿ ಒಂದೆರಡು ಇಂಚು ಬೆಳೆಯಲೆಂದು ಚಿತ್ರೀಕರಣವನ್ನು ಕೆಲವು ತಿಂಗಳು ಮುಂದೂಡಿದರು. ಆ ಅವಧಿಯಲ್ಲಿ ಅವಳು ಸವಾರಿ ಅಭ್ಯಾಸ ಮಾಡಿದಳು. ಸಂಪಾದನ ಶಾಸ್ತ್ರ ಇಲ್ಲಿ ಮತ್ತೆ ನೆರವಿಗೆ ಬರುತ್ತದೆ. ಎರಡು ಪಾಠಗಳಲ್ಲಿ ಒಂದು ಪ್ರಾಸಬದ್ಧವಾಗಿ ಆಕರ್ಷಕವಾಗಿದ್ದು ಇನ್ನೊಂದು ಸಪ್ಪೆಯಾಗಿದ್ದರೆ, ಸಪ್ಪೆಯದನ್ನು ಯಾರೋ ತಿದ್ದಿ ಚೆಂದಗೊಳಿಸಿರುವ ಸಂಭವ ಹೆಚ್ಚು. ಚೆಂದದ್ದನ್ನು ತಿದ್ದಿ ಸಪ್ಪೆ ಮಾಡುವವರು ಕಡಿಮೆ.

ಆದರೂ ತರ್ಕದ ಮೇಲಷ್ಟೇ ತೀರ್ಪು ಬೇಡವೆಂದು ಅಳತೆಗೆ ಹೊರಟೆ. ಸಹನಟ ಮಿಕಿ ರೂನಿ ಆಗ ಇಪ್ಪತ್ತು ದಾಟಿದವರು, ಅವರ ಎತ್ತರ ಸುಮಾರು ಐದಡಿ ಎರಡು ಇಂಚು, ಅದು ಬದಲಾಗುವಂತಿಲ್ಲ. ಚಿತ್ರದಲ್ಲಿ ಇಬ್ಬರೂ ಪಕ್ಕಪಕ್ಕ ನಿಲ್ಲುವ ದೃಶ್ಯಗಳು ಬೇಕಾದಷ್ಟಿವೆ. ರೂನಿಯವರನ್ನೇ ಅಳತೆಗೋಲು ಮಾಡಿಕೊಳ್ಳಬಹುದಲ್ಲ! ಚಿತ್ರವನ್ನು ಅಲ್ಲಲ್ಲಿ ನಿಲ್ಲಿಸಿ ನೋಡಿದೆ. ಬೂಟಿನ ಹಿಮ್ಮಡಿ, ಕ್ಯಾಮೆರಾದ ಕೋನ, ನಿಂತ ನೆಲದ ಏರಿಳಿತ ಎಲ್ಲವನ್ನೂ ಮನ್ನಿಸಿದರೂ ಇದರಿಂದ ಸಿಗುವುದು ಬೆಳೆದ ಮೇಲಿನ ಎತ್ತರ. ಬೆಳೆಯುವ ಮೊದಲಿನದು ಬೇಕಲ್ಲ? ಅದಕ್ಕಿಂತ ಮುಂಚೆ ಟೇಲರ್ ನಟಿಸಿದ 'ದ ವೈಟ್ ಕ್ಲಿಫ್ಸ್ ಆಫ್ ಡೋವರ್' ಚಿತ್ರದಲ್ಲಿ ಅವಳ ಜೊತೆ ಇರುವುದು ರಾಡಿ ಮೆಕ್‌ಡೊವಾಲ್, ಅವನೂ ಬೆಳೆಯುವ ಹುಡುಗ. ಉದ್ದವಾಗುತ್ತಿರುವ ಕೋಲಿನಿಂದ ಅಳೆಯಲು ಬರುವುದಿಲ್ಲ. ಈ ದಾರಿ ನಿಜವಾಗಿಯೂ ಮುಚ್ಚಿತು.

ಮುಚ್ಚಿದ ದಾರಿಯ ಅಂಚಿನಲ್ಲೇ ಒಂದು ಲಾಭವಾಯಿತು. 'ವೈಟ್ ಕ್ಲಿಫ್ಸ್' ಚಿತ್ರದ ನಿರ್ದೇಶಕ ಯಾರೆಂದು ಶೀರ್ಷಿಕೆಯಲ್ಲಿ ನೋಡಿದರೆ, ಅದೇ ಕ್ಲಾರೆನ್ಸ್ ಬ್ರೌನ್. ಅಪರಿಚಿತ ಹುಡುಗಿಯೊಬ್ಬಳು ನಿರ್ಮಾಪಕರ ಕೋಣೆಗೆ ನುಗ್ಗಿ ಪಾತ್ರ ಗೆದ್ದಳು ಎಂಬ ಚಿತ್ರ ಇಲ್ಲಿ ಸಡಿಲವಾಗುತ್ತದೆ. ಅವಳು ಆಗಲೇ ಎಂಜಿಎಂನ ನಟಿ, 'ಲ್ಯಾಸಿ ಕಮ್ ಹೋಮ್'ನಲ್ಲಿ ಕಾಣಿಸಿಕೊಂಡಿದ್ದಳು. ನಿರ್ದೇಶಕರು ಅವಳನ್ನು ತಮ್ಮ ಕ್ಯಾಮೆರಾದಲ್ಲೇ ನೋಡಿದ್ದರು. ಗೋಡೆಯ ಗುರುತು ನಿಜವಿದ್ದರೂ ಅದು ಆಯ್ಕೆಯ ಏಕೈಕ ಕಾರಣವಾಗಿರಲಾರದು.

ಕೊನೆಗೆ ಬೆಳವಣಿಗೆಯ ವಿಜ್ಞಾನದ ಮೊರೆ ಹೋದೆ. ಮಕ್ಕಳ ಬೆಳವಣಿಗೆಯನ್ನು ದಶಕಗಟ್ಟಲೆ ಅಳೆದ ಬ್ರಿಟಿಷ್ ವೈದ್ಯ ಜೆ. ಎಂ. ಟ್ಯಾನರ್ ಅವರ ಕೋಷ್ಟಕಗಳ ಪ್ರಕಾರ ಹೆಣ್ಣುಮಕ್ಕಳು ಅತಿ ವೇಗವಾಗಿ ಬೆಳೆಯುವುದು ಹನ್ನೆರಡರ ಆಸುಪಾಸಿನಲ್ಲಿ. ಆ ತುತ್ತತುದಿಯ ವೇಗ ವರ್ಷಕ್ಕೆ ಸುಮಾರು 8 ಸೆಂಟಿಮೀಟರ್. ಮೂರು ಇಂಚು ಎಂದರೆ 7.6 ಸೆಂಟಿಮೀಟರ್! ಟೇಲರ್ ಹುಟ್ಟಿದ್ದು 1932ರ ಫೆಬ್ರವರಿ 27ರಂದು. ಚಿತ್ರೀಕರಣ 1944ರ ಮೊದಲ ತಿಂಗಳುಗಳಲ್ಲಿ ಶುರುವಾಯಿತು. ಹುಡುಗಿ ನೇರವಾಗಿ ಆ ವಯಸ್ಸಿನಲ್ಲೇ ಇದ್ದಾಳೆ. ಮೂರು ತಿಂಗಳಲ್ಲಿ ಎರಡು ಸೆಂಟಿಮೀಟರ್ ಸಹಜ, ಮೂರು ಇಂಚು ಅಸಂಭವ. ವರ್ಷಕ್ಕೆ ಮೂರು ಇಂಚು ಪೂರ್ತಿ ಸಹಜ. ಸಂಖ್ಯೆಯನ್ನು ಯಾರೂ ಹುಟ್ಟಿಸಿರಬೇಕಾಗಿಲ್ಲ, ಕಾಲವನ್ನು ಮಡಚಿದರೆ ಸಾಕು. ಊಟದ ಬಗ್ಗೆಯೂ ಒಂದು ಮಾತು. ಯುದ್ಧದಿಂದಾಗಿ ಅಮೆರಿಕದಲ್ಲಿ 1943ರ ವಸಂತದಿಂದ ಮಾಂಸಕ್ಕೆ ರೇಷನ್ ಇತ್ತು. ದಿನವೂ ಸ್ಟೀಕ್ ಎಂಬುದನ್ನು ಇದು ಅಲ್ಲಗಳೆಯುತ್ತದೆ ಅನಿಸಬಹುದು. ಆದರೆ ಹೋಟೆಲಿನಲ್ಲಿ ಉಣ್ಣುವವರು ಕೂಪನ್ ಕೊಡಬೇಕಿರಲಿಲ್ಲ. ಸ್ಟೀಕಿಗೆ ಸಂಶಯದ ಲಾಭ ಕೊಟ್ಟಿದ್ದೇನೆ.

ಮಡಚಿದ್ದನ್ನು ಬಿಡಿಸುವ ಈ ಸೂತ್ರ ಹಿಡಿದು ಬೆನ್ನುನೋವಿನ ಕತೆಗೆ ಬಂದರೆ ಅಲ್ಲೂ ಎರಡು ಪಾಠ. ಹುಟ್ಟಿನಿಂದಲೇ ಬೆನ್ನುಮೂಳೆ ವಕ್ರವಾಗಿತ್ತು ಎಂಬುದು ಒಂದು, ಚಿತ್ರೀಕರಣದ ವೇಳೆ ಬಿದ್ದು ಮುರಿಯಿತು ಎಂಬುದು ಇನ್ನೊಂದು. ಇವು ಒಂದನ್ನೊಂದು ಹೊಡೆದುಹಾಕುವುದಿಲ್ಲ, ವಕ್ರ ಬೆನ್ನಿನ ಮಗುವೂ ಕುದುರೆಯಿಂದ ಬೀಳಬಹುದು. 1944ರ ಪತ್ರಿಕೆಯಲ್ಲಿ ಮುರಿತದ ಸುದ್ದಿ ಹುಡುಕುವುದು ವ್ಯರ್ಥ. ಬಿದ್ದ ಕತೆಯನ್ನು ಹೇಳುವವರೇ ಮುರಿತ ಹಲವು ವರ್ಷ ಪತ್ತೆಯಾಗಿರಲಿಲ್ಲ ಎನ್ನುತ್ತಾರೆ. ಪತ್ತೆಯಾಗದ ಮುರಿತಕ್ಕೆ ಅಂದಿನ ದಾಖಲೆ ಇರಲು ಸಾಧ್ಯವಿಲ್ಲ. ದಾಖಲೆಯ ಮೌನ ಇಲ್ಲಿ ಯಾರ ಪರವೂ ಸಾಕ್ಷಿ ನುಡಿಯುವುದಿಲ್ಲ. ಗಟ್ಟಿಯಾಗಿ ನಿಲ್ಲುವುದು ನಂತರದ ಸಂಗತಿ: 1950ರ ದಶಕದಲ್ಲಿ ಟೇಲರ್‌ಗೆ ಬೆನ್ನುಮೂಳೆಯ ದೊಡ್ಡ ಶಸ್ತ್ರಚಿಕಿತ್ಸೆಯಾಯಿತು. ಪರಿಣಾಮ ದಾಖಲಾಗಿದೆ. ಹಲವು ಕಾರಣಗಳನ್ನು ಒಂದೇ ಬೀಳುವಿಕೆಯೊಳಗೆ ತುಂಬಿದ್ದು ನೆನಪಿನ ಕೆಲಸ.

ಇನ್ನು ಸವಾರಿಯ ಮಾತು. ತೆರೆಯ ಮೇಲೆ ಬೇಲಿ ಜಿಗಿದವರು ಯಾರು? ಟೇಲರ್‌ಗೆ ಸವಾರಿ ಚೆನ್ನಾಗಿ ಬರುತ್ತಿತ್ತು ಎಂಬುದರಲ್ಲಿ ಅನುಮಾನವಿಲ್ಲ. ತರಬೇತಿ ಕೊಟ್ಟವರೆಂದು ಹೆಸರಾದವರು ಆಸ್ಟ್ರೇಲಿಯಾದ ಸ್ನೋವಿ ಬೇಕರ್, 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಾಕ್ಸಿಂಗ್ ಬೆಳ್ಳಿ ಗೆದ್ದವರು. ಅವರ ಸುತ್ತಲೂ ಇಂಥದೇ ಒಂದು ಕತೆಯಿದೆ. ಫೈನಲ್‌ನಲ್ಲಿ ತಮ್ಮನ್ನು ಸೋಲಿಸಿದ ಡಗ್ಲಸ್‌ನ ತಂದೆಯೇ ತೀರ್ಪುಗಾರ ಎಂದು ಅವರು ಹೇಳುತ್ತ ಬಂದರು. ಆ ತಂದೆ ಪದಕ ಹಂಚಿದ್ದು ನಿಜ, ತೀರ್ಪು ಕೊಟ್ಟವರು ಬೇರೆ. ಗುರುವಿನ ಕತೆಯಲ್ಲೂ ಇಬ್ಬರು ಸೇರಿ ಒಬ್ಬರಾಗಿದ್ದಾರೆ.

ರೇಸಿನ ದೃಶ್ಯಕ್ಕೆ ಬದಲಿ ಸವಾರರಾಗಿ ಕನಿಷ್ಠ ಇಬ್ಬರ ಸುಳಿವಿದೆ. ಒಬ್ಬರು ಆಲಿಸ್ ವ್ಯಾನ್, ರೋಡಿಯೋ ಕಣದಿಂದ ಬಂದ ಸಾಹಸಿ. ಇನ್ನೊಬ್ಬ ಆಸ್ಟ್ರೇಲಿಯಾ ಮೂಲದ ಜಾಕಿ. ಯಾರು ನಿಜ ಎಂಬ ಪ್ರಶ್ನೆಯನ್ನು ಬಿಟ್ಟು ಚಿತ್ರವನ್ನೇ ದಾಖಲೆಯಾಗಿ ಓದಿದೆ. ಮುಖ ತುಂಬ ಕಾಣುವ ಸಮೀಪದ ಚಿತ್ರಿಕೆಗಳಲ್ಲಿ ಹೆಚ್ಚಾಗಿ ಬೇಲಿ ಕಾಣದು, ಎತ್ತರದ ಬೇಲಿ ಹಾರುವ ದೂರದ ಚಿತ್ರಿಕೆಗಳಲ್ಲಿ ಮುಖ ಕಾಣದು. ಇವೆರಡನ್ನೂ ಹೊಲಿದು ಒಂದೇ ಸವಾರಿ ಎಂದು ನಂಬಿಸಿದ್ದು ಸಂಕಲನಕಾರರ ಕತ್ತರಿ. ಆ ಕೆಲಸಕ್ಕೆ ರಾಬರ್ಟ್ ಕರ್ನ್ ಅವರಿಗೆ ಆಸ್ಕರ್ ಬಂದದ್ದನ್ನು ಮೊದಲೇ ಹೇಳಿದ್ದೇನೆ. ಆ ಪ್ರಶಸ್ತಿಯೇ ಒಂದು ಪರೋಕ್ಷ ಸಾಕ್ಷಿ. ಕತೆಯ ವೇಷವೂ ಈ ಹೊಲಿಗೆಗೆ ಅನುಕೂಲ ಮಾಡಿಕೊಟ್ಟಿತು. ಟೋಪಿ, ರೇಷ್ಮೆ ಅಂಗಿ, ಕತ್ತರಿಸಿದ ಕೂದಲು ಇದ್ದ ಮೇಲೆ ಯಾರು ಬೇಕಾದರೂ ವೆಲ್ವೆಟ್ ಆಗಬಹುದು. ಜಾಕಿಯ ಕತೆ ನಿಜವಾದರೆ ತಮಾಷೆಯೂ ಇದೆ: ಗಂಡಿನ ವೇಷದ ಹುಡುಗಿಯ ವೇಷವನ್ನು ಒಬ್ಬ ಗಂಡು ಹಾಕಿದ್ದ.

ಇಷ್ಟು ಜಾಲಾಡಿದ ಮೇಲೆ ನಾಲ್ಕು ಸಂಗತಿಗಳನ್ನು ಸುಳ್ಳು ಎಂದು ತಳ್ಳಲು ನನಗೆ ಮನಸ್ಸಿಲ್ಲ. ಪ್ರಚಾರದವರು ಶೂನ್ಯದಿಂದ ಏನನ್ನೂ ಸೃಷ್ಟಿಸಲಿಲ್ಲ. ಅವರು ಮಾಡಿದ್ದು ಅಡಕ. ಒಂದು ವರ್ಷವನ್ನು ಮೂರು ತಿಂಗಳಿಗೆ ಇಳಿಸಿದರು, ಹಲವು ಸವಾರರನ್ನು ಒಬ್ಬಳಲ್ಲಿ ಸೇರಿಸಿದರು, ಸಾವಿರಾರು ಮೊಮ್ಮಕ್ಕಳಲ್ಲಿ ಒಂದನ್ನು ಮೊಮ್ಮಗನೆಂದು ಎತ್ತಿ ತೋರಿಸಿದರು. ಬೆನ್ನಿನ ವಿಷಯದಲ್ಲಿ ಅದೇ ಅಡಕವನ್ನು ಕಾಲವೇ ಮಾಡಿತು. ಆದ್ದರಿಂದ ಇಂತಹ ಸಂಗತಿ ಕಂಡಾಗ 'ನಿಜವೇ?' ಎಂದು ಕೇಳುವುದಕ್ಕಿಂತ 'ಇದನ್ನು ಬಿಡಿಸಿ ಹರವಿದರೆ ಎಷ್ಟು ಉದ್ದವಾದೀತು?' ಎಂದು ಕೇಳುವುದು ಹೆಚ್ಚು ಫಲ ಕೊಡುತ್ತದೆ.

ಆ ಪಟ್ಟಿಗೆ ಐದನೆಯದೊಂದನ್ನು ಸೇರಿಸುವ ಅವಕಾಶ ಕೊಟ್ಟರೆ ನಾನು ಬ್ಯಾಟಲ್‌ಶಿಪ್‌ನ ಹೆಸರು ಬರೆಯುತ್ತೇನೆ. ಮ್ಯಾನ್ ಓ' ವಾರ್‌ನ ಮಗ ನಿಜವಾದ ಏನ್‌ಟ್ರಿಯಲ್ಲಿ ಹದಿನೇಳರ ಹುಡುಗನನ್ನು ಹೊತ್ತು ನಿಜವಾದ ಗ್ರ್ಯಾಂಡ್ ನ್ಯಾಷನಲ್ ಗೆದ್ದ. ಅವನ ಒಡತಿ ಹೆಣ್ಣು. ಗೆದ್ದ ಕುದುರೆಯ ಮಾಲೀಕಳಾಗಲು ನಿಯಮ ಅಡ್ಡ ಬರಲಿಲ್ಲ, ಅದೇ ಕುದುರೆಯನ್ನು ಏರಿ ಓಡಲು ಬರುತ್ತಿತ್ತು. ಬ್ಯಾಗ್ನೋಲ್ಡ್ ಅವರ ಕಾದಂಬರಿ ಎತ್ತಿದ ಪ್ರಶ್ನೆ ಅಷ್ಟೂ ಈ ಒಂದು ಗೆಲುವಿನಲ್ಲಿದೆ. ಮೇಲಾಗಿ ಅದರ ದಿನಾಂಕ, ಅಂತರ, ಬಾಜಿ, ಸವಾರನ ವಯಸ್ಸು ಎಲ್ಲವನ್ನೂ ಅಂದೇ ಬರೆದಿಟ್ಟಿದ್ದಾರೆ. ಅದನ್ನು ಬರೆದವರಿಗೆ ಟಿಕೆಟ್ ಮಾರುವ ಕೆಲಸವಿರಲಿಲ್ಲ.